ಹೆಸರಿಗೆ ಗ್ರಾಮಾಂತರ, ಮತ ಚಿಕ್ಕಬಳ್ಳಾಪುರಕ್ಕೆ: ಲೋಕಸಭೆಯಲ್ಲಿ ವಿಜಯಪುರ

ದೇವನಹಳ್ಳಿ ತಾಲ್ಲೂಕಿನ ವಿಜಯಪುರವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ ಪುರಸಭೆ ಪಟ್ಟಣ. ಆದರೆ 'ಬೆಂಗಳೂರು ಗ್ರಾಮಾಂತರ' ಲೋಕಸಭಾ ಕ್ಷೇತ್ರದ ಸದಸ್ಯರನ್ನು ಆರಿಸುವ ಹಕ್ಕು ಈ ಪಟ್ಟಣದವರಿಗಿಲ್ಲ. ಇದು ವಿಜಯಪುರವೊಂದರ ಕಥೆಯಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಎಂಬ ಜಿಲ್ಲೆಯ ನಾಲ್ಕೂ ವಿಧಾನಸಭಾ ಕ್ಷೇತ್ರಗಳು ಸೇರಿರುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ಜಿಲ್ಲೆಯ ಹೆಸರು ಹೊತ್ತ ಕ್ಷೇತ್ರದಲ್ಲಿ ಜಿಲ್ಲೆಯೇ ಇಲ್ಲ.

ಊರಿನ ಹೆಸರಿಗೂ ಇಂಥದೇ ಪಾಡು. ಹಿಂದೆ ವಡಿಗೇನಹಳ್ಳಿ ಎನಿಸಿಕೊಂಡಿದ್ದ ಈ ಪಟ್ಟಣವನ್ನು 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾದ ಮೇಲೆ 'ದೇವನಹಳ್ಳಿ ವಿಜಯಪುರ' ಎಂದು ಬಿಡಿಸಿ ಹೇಳಬೇಕಾಗಿದೆ. ಲೋಕಸಭೆಯ ವಿಚಾರದಲ್ಲಿ ವಿಜಯಪುರ ಎಂದೊಡನೆ ರಾಜ್ಯದ ಓದುಗರಿಗೆ ನೆನಪಾಗುವುದು ಉತ್ತರದ ಆ ನಗರವೇ.

ಹೆಸರಿನ ಗೋಜಲು ಹುಟ್ಟಿದ್ದು ಹೀಗೆ. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆ ಇಬ್ಭಾಗವಾದಾಗ ಗ್ರಾಮಾಂತರ ಜಿಲ್ಲೆಗೆ ಎಂಟು ತಾಲ್ಲೂಕುಗಳಿದ್ದವು. ಈಗಿನ ನಾಲ್ಕರ ಜೊತೆಗೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳೂ ಅದರಲ್ಲಿದ್ದವು. 2007ರಲ್ಲಿ ಈ ಹಿಂದಿನ ನಾಲ್ಕು ರಾಮನಗರ ಜಿಲ್ಲೆಯಾಗಿ ಬೇರ್ಪಟ್ಟವು. ಆದರೆ ಕ್ಷೇತ್ರ ಮರುವಿಂಗಡಣೆಯ ಲೆಕ್ಕಾಚಾರ ನಡೆದದ್ದು 2001ರ ಜನಗಣತಿಯ ಮೇಲೆ, ಎಂಟು ತಾಲ್ಲೂಕುಗಳ ಹಳೆಯ ಜಿಲ್ಲೆ ಇದ್ದ ಕಾಲದ ಅಂಕಿಗಳ ಮೇಲೆ. ಹಳೆಯ ಕನಕಪುರ ಲೋಕಸಭಾ ಕ್ಷೇತ್ರವೇ ಬಹುಮಟ್ಟಿಗೆ 'ಬೆಂಗಳೂರು ಗ್ರಾಮಾಂತರ'ವಾಯಿತು. ತುಮಕೂರು ಜಿಲ್ಲೆಯ ಕುಣಿಗಲ್, ನಗರಕ್ಕಂಟಿದ ಆನೇಕಲ್ ಮತ್ತು ರಾಜರಾಜೇಶ್ವರಿನಗರ ಅದರೊಳಗಿವೆ, ದೇವನಹಳ್ಳಿ ಇಲ್ಲ. ಜಿಲ್ಲೆ ಒಡೆಯಿತು, ಕ್ಷೇತ್ರದ ಹೆಸರು ಉಳಿಯಿತು. ಸಾಲದೆಂಬಂತೆ, ರಾಮನಗರ ಜಿಲ್ಲೆಯನ್ನು 'ಬೆಂಗಳೂರು ದಕ್ಷಿಣ' ಎಂದು ಕರೆಯಲು 2025ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಆ ಹೆಸರಿನ ಲೋಕಸಭಾ ಕ್ಷೇತ್ರ ಮೊದಲಿನಿಂದಲೂ ರಾಜಧಾನಿಯಲ್ಲಿದೆ.

ಮೊದಮೊದಲ ಚುನಾವಣೆಗಳಲ್ಲಿ ಬೆಂಗಳೂರು ಸೀಮೆಯ ಲೋಕಸಭಾ ಸ್ಥಾನಗಳಿಗೆ ಬೆಂಗಳೂರಿನದೇ ಹೆಸರಿತ್ತು. ನಗರದ ಪೂರ್ವ ಹಾಗೂ ಉತ್ತರದ ಬಯಲಿಗೆ ತನ್ನದೇ ಹೆಸರು ದೊರೆತದ್ದು 1967ರಲ್ಲಿ, ಹೊಸಕೋಟೆ ಕ್ಷೇತ್ರ ರಚನೆಯಾದಾಗ. 1967 ಮತ್ತು 1971ರಲ್ಲಿ ಅಲ್ಲಿಂದ ಗೆದ್ದವರು ಕಾಂಗ್ರೆಸ್ಸಿನ ಎಂ.ವಿ. ಕೃಷ್ಣಪ್ಪ. 1952ರಲ್ಲಿ ಕೋಲಾರದಿಂದ ಲೋಕಸಭೆ ಪ್ರವೇಶಿಸಿ, ನೆಹರೂ ಸರ್ಕಾರದಲ್ಲಿ ಕೃಷಿ ಖಾತೆಯ ಉಪಮಂತ್ರಿಯಾಗಿದ್ದವರು ಅವರು. 1977ರಲ್ಲಿ ಹೊಸಕೋಟೆ ಕ್ಷೇತ್ರ ಅಳಿದು ಚಿಕ್ಕಬಳ್ಳಾಪುರ ಕ್ಷೇತ್ರ ಹುಟ್ಟಿದಾಗಲೂ ಅದರ ಮೊದಲ ಸಂಸದರು ಕೃಷ್ಣಪ್ಪನವರೇ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ ಆ ವರ್ಷ ರಾಜ್ಯದ 28 ಸ್ಥಾನಗಳಲ್ಲಿ 26 ಆ ಪಕ್ಷಕ್ಕೇ ದಕ್ಕಿದ್ದವು.

1980ರಲ್ಲಿ ಎಸ್.ಎನ್. ಪ್ರಸನ್ನಕುಮಾರ್, ಆ ಬಳಿಕ 1984, 1989, 1991ರಲ್ಲಿ ಸತತ ಮೂರು ಬಾರಿ ವಿ. ಕೃಷ್ಣರಾವ್ ಇಲ್ಲಿಂದ ಆಯ್ಕೆಯಾದರು. ಇಬ್ಬರೂ ಕಾಂಗ್ರೆಸ್ಸಿಗರು.

ರೇಷ್ಮೆ ಮತ್ತು ದೆಹಲಿ

ಕಾಂಗ್ರೆಸ್ಸಿನ ಈ ಓಟವನ್ನು 1996ರಲ್ಲಿ ತಡೆದವರು ಜನತಾದಳದ ಆರ್.ಎಲ್. ಜಾಲಪ್ಪ. ದೊಡ್ಡಬಳ್ಳಾಪುರದ ರಾಜಕಾರಣದಿಂದ ಬೆಳೆದ ಅವರು ದೇವೇಗೌಡ ಹಾಗೂ ಗುಜ್ರಾಲ್ ಸಂಪುಟಗಳಲ್ಲಿ ಜವಳಿ ಸಚಿವರಾಗಿದ್ದರು. ವಿಜಯಪುರದ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಪಟ್ಟಣದ ಬದುಕು ನಿಂತಿರುವುದು ರೇಷ್ಮೆಗೂಡು ಮಾರುಕಟ್ಟೆ ಮತ್ತು ನೂಲು ಬಿಚ್ಚುವ ಕಸುಬಿನ ಮೇಲೆ. ಕೇಂದ್ರ ರೇಷ್ಮೆ ಮಂಡಳಿ ಇರುವುದು ಜವಳಿ ಸಚಿವಾಲಯದ ಅಧೀನದಲ್ಲಿ. ನಂತರ ಕಾಂಗ್ರೆಸ್ ಸೇರಿದ ಜಾಲಪ್ಪ 1998, 1999, 2004ರಲ್ಲಿಯೂ ಗೆದ್ದರು. ಒಟ್ಟು ನಾಲ್ಕು ಗೆಲುವು. ಈ ಕ್ಷೇತ್ರದಲ್ಲಿ ಬೇರಾರಿಗೂ ಸಿಗದ ದಾಖಲೆ. ಅವರು 2021ರ ಡಿಸೆಂಬರ್‌ನಲ್ಲಿ ನಿಧನರಾದರು.

ಮತ ಯಾವ ಕ್ಷೇತ್ರಕ್ಕೆ ಹೋದರೇನು ಎನ್ನುವವರಿಗೆ ರೇಷ್ಮೆಯ ಸುಂಕವೇ ಉತ್ತರ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾದ ರೇಷ್ಮೆ ಅಗ್ಗವಾಗಿ, ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಲಾಯಿತು. ಈ ಎರಡೂ ತೀರ್ಮಾನಗಳಾದಾಗ ಕ್ಷೇತ್ರದ ಸಂಸದರಾಗಿದ್ದ ಎಂ. ವೀರಪ್ಪ ಮೊಯಿಲಿ ಕೇಂದ್ರ ಸಂಪುಟದಲ್ಲಿಯೇ ಇದ್ದರು.

ಕರಾವಳಿಯ ಮೊಯಿಲಿ 2009ರಲ್ಲಿ ಇಲ್ಲಿಗೆ ಬಂದು ಗೆದ್ದರು. 2014ರಲ್ಲಿ ಹೊಸಕೋಟೆಯ ಬಿ.ಎನ್. ಬಚ್ಚೇಗೌಡರ ಎದುರು ಅವರು ಉಳಿದುಕೊಂಡದ್ದು 9,520 ಮತಗಳಿಂದ ಮಾತ್ರ, ಎಚ್.ಡಿ. ಕುಮಾರಸ್ವಾಮಿ ಮೂರನೆಯವರಾದರು. ಆ ವೇಳೆಗೆ ಬಯಲುಸೀಮೆಯ ಮಾತೆಲ್ಲ ನೀರಿನದೇ. ಎತ್ತಿನಹೊಳೆ ಯೋಜನೆ ರಾಜ್ಯ ಸರ್ಕಾರದ್ದಾದರೂ ಮೊಯಿಲಿ ಅದಕ್ಕೆ ತಮ್ಮ ಹೆಸರನ್ನು ಕಟ್ಟಿಕೊಂಡಿದ್ದರು. 2014ರಲ್ಲಿ ಶಂಕುಸ್ಥಾಪನೆಯಾದ ಯೋಜನೆಯ ಮೊದಲ ಹಂತ ಸಕಲೇಶಪುರದಲ್ಲಿ ಉದ್ಘಾಟನೆಗೊಂಡದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ ಮೂರು ಲೋಕಸಭಾ ಚುನಾವಣೆಗಳು ಕಳೆದಿದ್ದವು. 2019ರಲ್ಲಿ ಬಚ್ಚೇಗೌಡರು 1,82,110 ಮತಗಳ ಅಂತರದಿಂದ ಮೊಯಿಲಿಯವರನ್ನು ಸೋಲಿಸಿ ಬಿಜೆಪಿಗೆ ಇಲ್ಲಿ ಮೊದಲ ಗೆಲುವು ತಂದರು. 2024ರಲ್ಲಿ ಅದೇ ಪಕ್ಷದ ಡಾ. ಕೆ. ಸುಧಾಕರ್ ಕಾಂಗ್ರೆಸ್ಸಿನ ರಕ್ಷಾ ರಾಮಯ್ಯ ವಿರುದ್ಧ ಜಯ ಗಳಿಸಿದರು.

ಚಿಕ್ಕಬಳ್ಳಾಪುರ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಬೆಂಗಳೂರು ಗ್ರಾಮಾಂತರ ಜಿಲ್ಲೆಯವು. ಚಿಕ್ಕಬಳ್ಳಾಪುರ ಜಿಲ್ಲೆಯವು ಮೂರೇ: ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ. ಉಳಿದ ಯಲಹಂಕ ಬೆಂಗಳೂರು ನಗರ ಜಿಲ್ಲೆಯದು. ಹೀಗಾಗಿ ಇಲ್ಲಿನ ಸಂಸದರು ಮೂರು ಜಿಲ್ಲಾಡಳಿತಗಳೊಡನೆ ವ್ಯವಹರಿಸಬೇಕು. ವಿಜಯಪುರದವರಿಗೆ ಜಿಲ್ಲಾಧಿಕಾರಿ ಕಚೇರಿ ತಮ್ಮದೇ ತಾಲ್ಲೂಕಿನ ಬೀರಸಂದ್ರದ ಬಳಿ ಇದ್ದರೂ ಲೋಕಸಭೆಯಲ್ಲಿ ಅವರ ವಿಳಾಸ ನೆರೆಯ ಜಿಲ್ಲೆಯದು.

ವಿಧಾನಸಭೆಯಲ್ಲಿ ವಿಜಯಪುರವನ್ನು ಪ್ರತಿನಿಧಿಸುವುದು ಪರಿಶಿಷ್ಟ ಜಾತಿಗೆ ಮೀಸಲಾದ ದೇವನಹಳ್ಳಿ ಕ್ಷೇತ್ರ. 2023ರಲ್ಲಿ ಅಲ್ಲಿಂದ ಆಯ್ಕೆಯಾದ ಕೆ.ಎಚ್. ಮುನಿಯಪ್ಪ ಕೋಲಾರದಿಂದ 1991ರಿಂದ 2014ರವರೆಗಿನ ಏಳು ಚುನಾವಣೆಗಳಲ್ಲಿ ಲೋಕಸಭೆಗೆ ಗೆದ್ದವರು. ಲೋಕಸಭೆಯ ಅಷ್ಟು ದೀರ್ಘ ಅನುಭವವುಳ್ಳವರು ವಿಜಯಪುರಕ್ಕೆ ದೊರೆತದ್ದು ಶಾಸಕರಾಗಿ.

ರಾಜ್ಯದ ಲೋಕಸಭಾ ಕ್ಷೇತ್ರಗಳ ಗಡಿ ಕೊನೆಯದಾಗಿ ಬದಲಾದದ್ದು 2008ರಲ್ಲಿ. ರಾಜ್ಯಗಳಿಗೆ ಹಂಚಿಕೆಯಾದ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಬದಲಿಸುವಂತಿಲ್ಲವೆಂದು 2001ರ ಸಂವಿಧಾನ ತಿದ್ದುಪಡಿ ಕಟ್ಟು ಹಾಕಿತ್ತು.