ಕಾವಲು ಎಲ್ಲಿ ಕೂರಬೇಕು?

ಅಡಿಕೆ ಕಳ್ಳರ ಕಾಟ ಹೆಚ್ಚಿದ ವರ್ಷ ಅಪ್ಪ ನಾಯಿಯನ್ನು ಅಂಗಳದಿಂದ ಬಿಚ್ಚಿ ತೋಟದ ದಾರಿಯ ಗೇಟಿನ ಹತ್ತಿರ ಕಟ್ಟಿದರು. "ಅಂಗಳದಲ್ಲಿ ಬೊಗಳಿದರೆ ಕಳ್ಳ ಆಗಲೇ ಒಳಗೆ ಬಂದಾಯ್ತಲ್ಲ ಮಾರಾಯ" ಅಂತ ಅವರ ಲೆಕ್ಕ. ಮೊನ್ನೆ ವಾಚನಾಲಯದಲ್ಲಿ ಒಬ್ಬ ಹುಡುಗ, "ಮಾಷ್ಟ್ರೇ, ಕಂಪ್ಯೂಟರಿಗೆ ಕಳ್ಳ ನುಗ್ಗಿದರೆ ಗೊತ್ತಾಗೋದು ಹೇಗೆ?" ಎಂದು ಕೇಳಿದಾಗ ಆ ನಾಯಿ ನೆನಪಾಯಿತು. ಅವನಿಗೆ ಹೇಳಿದ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

1986ರ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಸಿದವರಿಂದ ಹಣ ಪಡೆಯುವ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಅದನ್ನು ಹುಡುಕುವ ಕೆಲಸ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಯ ಪಾಲಿಗೆ ಬಂತು. ಯಾರೋ ಹೊರಗಿನವನು ಒಳಗೆ ಸೇರಿಕೊಂಡಿದ್ದಾನೆಂದು ಅವರಿಗೆ ಗೊತ್ತಾಯಿತು.

ಅವನನ್ನು ಎಲ್ಲಿಂದ ನೋಡುವುದು? ಕಂಪ್ಯೂಟರಿನ ಒಳಗೇ ಕಾವಲು ಇಟ್ಟರೆ ಆಗುವುದಿಲ್ಲ. ಕಳ್ಳ ಆಗಲೇ ಯಜಮಾನನ ಅಧಿಕಾರ ಗಳಿಸಿದ್ದ. ಕಾವಲನ್ನು ಕಂಡು ಓಡಬಹುದು, ಅಳಿಸಿಯೂ ಬಿಡಬಹುದು. ಆದ್ದರಿಂದ ಸ್ಟಾಲ್ ಒಂದು ವಾರಾಂತ್ಯ ಕಚೇರಿಗಳಲ್ಲಿದ್ದ ಪ್ರಿಂಟರುಗಳನ್ನು ಹೊತ್ತು ತಂದು, ಹೊರಗಿನಿಂದ ಬರುವ 50 ಲೈನುಗಳಿಗೆ ಜೋಡಿಸಿದರು. ಲೈನಿನಲ್ಲಿ ಹೋದದ್ದೆಲ್ಲ ಕಾಗದದ ಮೇಲೆ ಬೀಳುತ್ತಿತ್ತು. ಕಳ್ಳನಿಗೆ ಅದರ ಸುಳಿವೇ ಇಲ್ಲ. ಒಂದು ಪ್ರಿಂಟರು ಸುಮಾರು 80 ಅಡಿ ಕಾಗದ ಉಗುಳಿತ್ತು. ಅಲ್ಲಿಗೆ ಅವನ ದಾರಿ ಯಾವುದೆಂದು ತಿಳಿಯಿತು.

ಆ ದಾರಿ ಹಿಡಿದು ಹೋದರೆ ಕೊನೆಗೆ ಸಿಕ್ಕಿದ್ದು ಜರ್ಮನಿಯ ಹ್ಯಾನೋವರಿನ ಮಾರ್ಕುಸ್ ಹೆಸ್. ಸುಮಾರು 450 ಕಂಪ್ಯೂಟರುಗಳ ಬಾಗಿಲು ತಟ್ಟಿ, 30ಕ್ಕೂ ಹೆಚ್ಚು ಕಡೆ ಒಳಗೆ ಹೋಗಿದ್ದವನು. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು.

ಮುಂದೆ ಅದೇ ಪ್ರಯೋಗಾಲಯದಲ್ಲಿ ವರ್ನ್ ಪ್ಯಾಕ್ಸನ್ 'ಬ್ರೋ' ಎಂಬ ಕಾವಲು ವ್ಯವಸ್ಥೆ ಕಟ್ಟಿದರು. 1998ರಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದರು. ಅದು ಕೂತದ್ದೂ ಗಡಿಯಲ್ಲೇ, ಪ್ರಯೋಗಾಲಯವು ಹೊರಗಿನ ಇಂಟರ್ನೆಟ್ಟಿಗೆ ಸೇರುವ ಜಾಗದಲ್ಲಿ.

ಹಾಗಾದರೆ ಗಡಿ ಕಾದರೆ ಸಾಕೇ? ಸಾಲದು. ನಮ್ಮ ತೋಟದ ನಾಯಿ ಬೊಗಳಲೇ ಇಲ್ಲ, ಅಡಿಕೆ ಮಾತ್ರ ಹೋಗುತ್ತಲೇ ಇತ್ತು. ಕೊನೆಗೆ ಅಮ್ಮ ಅಟ್ಟದ ಗೋಣಿ ಎಣಿಸಿ ಬರೆದಿಡಲು ಶುರು ಮಾಡಿದ ಮೇಲೆ ಗೊತ್ತಾಯಿತು, ಕದಿಯುತ್ತಿದ್ದವನು ದಿನಾ ನಾಯಿಗೆ ಗಂಜಿ ಹಾಕುತ್ತಿದ್ದವನೇ. ಸ್ಟಾಲ್ ಅವರಿಗೂ ಮೊದಲ ಸುಳಿವು ಕೊಟ್ಟದ್ದು ಗಡಿಯ ಪ್ರಿಂಟರಲ್ಲ, ಒಳಗಿನ ಲೆಕ್ಕದ 75 ಸೆಂಟ್.

ಹುಡುಗನಿಗೆ ಇಷ್ಟೇ ಹೇಳಿದೆ: ಗೇಟಿನಲ್ಲಿ ಒಂದು ನಾಯಿ ಇರಲಿ, ಅಟ್ಟದಲ್ಲಿ ಒಂದು ಲೆಕ್ಕದ ಪುಸ್ತಕವೂ ಇರಲಿ. ಪುಸ್ತಕವನ್ನು ಆಗಾಗ ತೆರೆದು ನೋಡುವವರು ಮಾತ್ರ ನಾವೇ ಆಗಬೇಕು.