ಕೋಶ: ಬೊಕ್ಕಸ, ಒರೆ, ಜೀವ

ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನ ಬೆಳುಂಕಿಯ ಸೀಮೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ವಿಜ್ಞಾನದ ಪಾಠದಲ್ಲಿ ‘ಜೀವಕೋಶ’ ಎಂದು ಓದುತ್ತಾರೆ. ಮುಂದೆ ಮರಾಠಿ ಮಾಧ್ಯಮಕ್ಕೆ ಹೋದರೆ ಅದು ‘ಪೇಶಿ’ಯಾಗುತ್ತದೆ. ಎರಡೂ ಸಂಸ್ಕೃತದಿಂದ ಬಂದವು. ಪೇಶಿ ಎಂದರೆ ಮಾಂಸದ ತುಣುಕು. ಕೋಶದ ಬಾಳು ಇನ್ನೂ ವಿಸ್ತಾರ.

ಒಳಗೆ ಏನನ್ನಾದರೂ ಕಾಪಾಡುವ ಹೊದಿಕೆಯೇ ಕೋಶ. ಕತ್ತಿಯ ಒರೆ, ಹೂವಿನ ಮೊಗ್ಗು, ರೇಷ್ಮೆಹುಳುವಿನ ಗೂಡು ಎಲ್ಲವೂ ಕೋಶವೇ. ಆ ಗೂಡಿನ ನೂಲಿಂದ ನೇಯ್ದ ಬಟ್ಟೆ ಕೌಶೇಯ. ಕೌಟಿಲ್ಯ ಎಣಿಸಿದ ರಾಜ್ಯದ 7 ಅಂಗಗಳಲ್ಲಿ ಕೋಶವೆಂದರೆ ಬೊಕ್ಕಸ. ಮಾತಿನ ಬೊಕ್ಕಸಕ್ಕೂ ಅದೇ ಹೆಸರಾಯಿತು: ಸಂಸ್ಕೃತಕ್ಕೆ ಅಮರಕೋಶ, ಕನ್ನಡಕ್ಕೆ ಇಮ್ಮಡಿ ನಾಗವರ್ಮನ ಅಭಿಧಾನ ವಸ್ತುಕೋಶ.

1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳು ಹೋಳಿನಲ್ಲಿ ಕಂಡ ಬರಿದಾದ ಗೂಡುಗಳನ್ನು ‘ಸೆಲ್’ ಎಂದು ಕರೆದ. ಲ್ಯಾಟಿನ್ ಮೂಲದಲ್ಲಿ ಅದು ಚಿಕ್ಕ ಕೋಣೆ. ಕನ್ನಡ ಅದಕ್ಕೆ ಕೋಶವೆಂದದ್ದು ಒಳ್ಳೆಯದೇ ಆಯಿತು. ಕೋಣೆ ಖಾಲಿ ಇದ್ದೀತು. ಕೋಶಕ್ಕೆ ಒಳಗಿನ ಸ್ವತ್ತೇ ಮುಖ್ಯ.

ಬೊಕ್ಕಸ, ಒರೆ ಎಂಬ ಹಳೆಯ ಅರ್ಥಗಳೆರಡೂ ಕೂಡಿ ಬರುವುದು ಇಂದಿನ ‘ಪ್ಯಾಕೇಜಿಂಗ್ ಕೋಶ’ದಲ್ಲಿ. ರೆಟ್ರೊವೈರಸ್ ತನ್ನ ಆನುವಂಶಿಕ ಬರಹವನ್ನು ಆತಿಥೇಯ ಕೋಶದ ಡಿಎನ್‌ಎಗೇ ಸೇರಿಸಿಬಿಡುತ್ತದೆ. ಜೀನ್ ಚಿಕಿತ್ಸೆಗೆ ಅದರ ಈ ಕಸುಬು ಬೇಕು, ಮರಿ ಹಾಕುವ ಶಕ್ತಿ ಬೇಡ. 1983ರಲ್ಲಿ ರಿಚರ್ಡ್ ಮನ್, ರಿಚರ್ಡ್ ಮಲ್ಲಿಗನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದಕ್ಕೆ ದಾರಿ ಕಂಡರು. ಇಲಿಯ ಕೋಶಗಳ ಡಿಎನ್‌ಎಯಲ್ಲಿ ವೈರಸ್ಸಿನ ಗ್ಯಾಗ್, ಪೋಲ್, ಎನ್ವ್ ಎಂಬ ಮೂರು ಜೀನ್‌ಗಳನ್ನು ಇಟ್ಟರು. ವೈರಸ್ಸಿನ ಬರಹವಾದ ಆರ್‌ಎನ್‌ಎಯನ್ನು ಕವಚದೊಳಗೆ ತುಂಬಲು ಬೇಕಾದ ‘ಸೈ’ ಎಂಬ ಗುರುತನ್ನು ಮಾತ್ರ ಕತ್ತರಿಸಿದರು. ಹೀಗಾಗಿ ಕೋಶ ಕವಚಗಳನ್ನು ಮಾಡುತ್ತದೆ, ವೈರಸ್ಸಿನ ಸ್ವಂತ ಬರಹ ಅದರೊಳಗೆ ಹೋಗದು. ‘ಸೈ’ ಗುರುತುಳ್ಳ ಚಿಕಿತ್ಸೆಯ ಜೀನನ್ನು ಕೊಟ್ಟರೆ ಅದು ಒಳಸೇರಿ ಹೊರಡುತ್ತದೆ, ಗುರಿ ಮುಟ್ಟುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಸಾಮಗ್ರಿಗೆ ಬೊಕ್ಕಸವಾಗುವುದೂ ಸಾಗುವ ಜೀನಿಗೆ ಒರೆ ತೊಡಿಸುವುದೂ ಇದೇ ಕೋಶ. ತುಂಡುಗಳು ಮತ್ತೆ ಕೂಡಿ ಪೂರ್ಣ ವೈರಸ್ ಹುಟ್ಟದಿರಲೆಂದು ಮುಂದಿನ ಕೋಶಗಳಲ್ಲಿ ಗ್ಯಾಗ್-ಪೋಲ್ ಒಂದೆಡೆ, ಎನ್ವ್ ಇನ್ನೊಂದೆಡೆ ಇಟ್ಟರು.

ಈ ವಿದ್ಯೆ ದೂರದ್ದಲ್ಲ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರ ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ರೆಟ್ರೊವೈರಸ್ ಬಳಗದ್ದೇ ಆದ ಲೆಂಟಿವೈರಸ್ ವಾಹಕ ಅಲ್ಲಿ ರೋಗಿಯ ಟಿ ಕೋಶಗಳಿಗೆ ರಕ್ತದ ಕ್ಯಾನ್ಸರನ್ನು ಗುರುತಿಸುವ ಜೀನನ್ನು ಒಯ್ಯುತ್ತದೆ.

ಗಡಿಯ ಶಾಲೆಗಳಲ್ಲಿ ಕೋಶ, ಪೇಶಿ ಎರಡನ್ನೂ ಜೊತೆಗಿಟ್ಟು, ಅವುಗಳ ಅರ್ಥ ಬಿಡಿಸಿ ಹೇಳಿಕೊಡಲಿ. ನಾಳೆ ಮುಂಬಯಿಯ ಅಂಥ ಪ್ರಯೋಗಾಲಯಕ್ಕೆ ಹೋಗುವ ಬೆಳುಂಕಿಯ ಹುಡುಗಿಗೆ ಎರಡು ಭಾಷೆಯ ಬಲವೂ ಬೇಕಾಗುತ್ತದೆ.