ಮರೆಗುಳಿ ಡಿಸ್ಕು, ಮಂಗಳದ ಬಂಡಿ

ರ‍್ಯಾಮ್ ಡಿಸ್ಕ್ ಅನ್ನೋದು ಒಂದು ವೇಷ. ಮೆಮೊರಿಯಲ್ಲಿ ಒಂದಿಷ್ಟು ಜಾಗ ಹಿಡಿದು, ಅದನ್ನು 512 ಬೈಟ್‌ಗಳ ತುಂಡುಗಳಾಗಿ ಎಣಿಸಿ, ‘ನಾನೂ ಒಂದು ಡಿಸ್ಕ್’ ಅಂತ ಫೈಲ್ ಸಿಸ್ಟಮ್ಮಿಗೆ ನಂಬಿಸುವ ಪುಟ್ಟ ಡ್ರೈವರ್. ಓದುವುದು, ಬರೆಯುವುದು ಎಲ್ಲ ಬರೀ ಕಾಪಿ. ಕರೆಂಟ್ ಹೋದರೆ ಎಲ್ಲವೂ ಮಾಯ! 1984ರಲ್ಲಿ ಐಬಿಎಂನ ಪಿಸಿ ಡಾಸ್ 3.0 ಜೊತೆ ವಿಡಿಸ್ಕ್ ಅಂತ ಒಂದು ಬಂದಿತ್ತು. ಎಂಬೆಡೆಡ್ ಲೋಕದ ವಿಎಕ್ಸ್‌ವರ್ಕ್ಸ್‌ನಲ್ಲೂ ಅಂಥದ್ದೊಂದು ಡ್ರೈವರ್ ಇದೆ. ಇಷ್ಟು ಸರಳವಾದ್ದರಿಂದಲೋ ಏನೋ, ಇದಕ್ಕೆ ಅಂಥ ಮರ್ಯಾದೆಯೇನೂ ಸಿಕ್ಕಿಲ್ಲ.

ಆದರೆ ಈ ಉಪಾಯವೇ ಒಮ್ಮೆ ಮಂಗಳ ಗ್ರಹದಲ್ಲಿ ಒಂದು ಬಂಡಿಯ ಜೀವ ಉಳಿಸಿದೆ.

ನಾಸಾದ ಸ್ಪಿರಿಟ್ ರೋವರ್ 2004ರ ಜನವರಿ 4ರಂದು ಗುಸೆವ್ ಕುಳಿಯಲ್ಲಿ ಇಳಿಯಿತು. 20 ಮೆಗಾಹರ್ಟ್ಸ್ ಪ್ರೊಸೆಸರ್, 128 ಎಂಬಿ ರ‍್ಯಾಮ್, 256 ಎಂಬಿ ಫ್ಲ್ಯಾಶ್, ಇವನ್ನೆಲ್ಲ ನಡೆಸಲು ವಿಎಕ್ಸ್‌ವರ್ಕ್ಸ್. ಇವತ್ತಿನ ನಿಮ್ಮ ಮೊಬೈಲ್ ಮುಂದೆ ಇದು ಬಡಪಾಯಿ. ಹದಿನೆಂಟನೇ ಮಂಗಳದಿನ, ಅಂದರೆ ಜನವರಿ 21ಕ್ಕೆ, ಮಾತು ನಿಂತುಹೋಯಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿಯ ಆಂಟೆನಾ ಕೇಂದ್ರದಲ್ಲಿ ಗುಡುಗು-ಮಳೆ ಇತ್ತು, ಮೊದಲು ಬೈಗುಳ ತಿಂದದ್ದು ಆ ಮಳೆಯೇ. ಆದರೆ ತೊಂದರೆ ಬಂಡಿಯೊಳಗೇ ಇತ್ತು. ಅದು ರೀಸೆಟ್ ಆಗ್ತಿತ್ತು, ಮತ್ತೆ ಏಳ್ತಿತ್ತು, ಮತ್ತೆ ರೀಸೆಟ್. ಹೀಗೆ ಅರವತ್ತಕ್ಕೂ ಹೆಚ್ಚು ಸಲ. ರಾತ್ರಿ ಮಲಗಬೇಕಾದದ್ದು ಎಚ್ಚರವಾಗೇ ಇದ್ದು ಬ್ಯಾಟರಿ ಖಾಲಿ ಮಾಡ್ತಿತ್ತು. ಅದೇ ಸಾಫ್ಟ್‌ವೇರ್ ಹೊತ್ತ ಅವಳಿ ಬಂಡಿ ಆಪರ್ಚುನಿಟಿ ಜನವರಿ 25ಕ್ಕೆ ಇಳಿಯಬೇಕಿತ್ತು. ಅಲ್ಲಿದ್ದವರಿಗೆ ನಿದ್ದೆ ಹೇಗೆ ಬಂದೀತು ಹೇಳಿ!

ಆಗಿದ್ದಿಷ್ಟು. ಫ್ಲ್ಯಾಶ್ ಮೇಲಿದ್ದದ್ದು ಡಾಸ್ ಶೈಲಿಯ ಫೈಲ್ ಸಿಸ್ಟಮ್. ಅದರಲ್ಲಿ ಫೈಲ್ ಅಳಿಸಿದರೆ ಹೆಸರಿನ ಜಾಗಕ್ಕೆ ‘ಅಳಿಸಿದೆ’ ಎಂಬ ಗುರುತು ಬೀಳುತ್ತದೆ, ಡೈರೆಕ್ಟರಿ ಮಾತ್ರ ಚಿಕ್ಕದಾಗೋದಿಲ್ಲ. ಏಳು ತಿಂಗಳ ಪ್ರಯಾಣದಲ್ಲೂ ಇಳಿದ ಮೇಲೂ ಸಾವಿರಾರು ಫೈಲುಗಳು ಸೇರಿದ್ದವು. ಆ ಡೈರೆಕ್ಟರಿಯ ನಕಲು ರ‍್ಯಾಮ್‌ನಲ್ಲಿ ಕೂರಬೇಕು. ಒಂದು ದಿನ ಅದಕ್ಕೆ ಜಾಗ ಸಾಲಲಿಲ್ಲ, ಬಂಡಿ ರೀಸೆಟ್ ಆಯಿತು. ಎದ್ದ ಕೂಡಲೇ ಅದೇ ಫ್ಲ್ಯಾಶ್ ಮೌಂಟ್ ಮಾಡಬೇಕು, ಮತ್ತೆ ಅಷ್ಟೇ ಜಾಗ ಬೇಕು. ನಮ್ಮಲ್ಲಿ ಕಪಾಟು ತುಂಬಿದರೆ ಬಾಗಿಲು ಹಾಕೋಕೆ ಆಗಲ್ಲ. ಇಲ್ಲಿ ಮನೆಯೇ ಕುಸೀತಿತ್ತು.

ಪುಣ್ಯಕ್ಕೆ ಸಾಫ್ಟ್‌ವೇರ್ ಬರೆದವರು ಒಂದು ಹಿಂಬಾಗಿಲು ಇಟ್ಟಿದ್ದರು. ‘ಇನಿಟ್ ಕ್ರಿಪಲ್ಡ್’ ಎಂಬ ಆಜ್ಞೆ: ಫ್ಲ್ಯಾಶ್ ಮುಟ್ಟಬೇಡ, ರ‍್ಯಾಮ್‌ನಲ್ಲೇ ಒಂದು ಫೈಲ್ ಸಿಸ್ಟಮ್ ಕಟ್ಟಿಕೊಂಡು ಏಳು. ಹಳೆಯದೇನೂ ನೆನಪಿಲ್ಲದ, ಪ್ರತಿ ಸಲವೂ ಖಾಲಿಯಾಗಿ ಹುಟ್ಟುವ ಫೈಲ್ ಸಿಸ್ಟಮ್. ಕೊರತೆ ಅಂತ ಎಲ್ಲರೂ ಹೇಳುವ ಗುಣವೇ ಅಲ್ಲಿ ಕೆಲಸಕ್ಕೆ ಬಂತು. ಬಂಡಿ ಸ್ಥಿರವಾಗಿ ನಿಂತಿತು. ಆಮೇಲೆ ಇಂಜಿನಿಯರುಗಳು ಸಾವಧಾನವಾಗಿ ಹಳೆಯ ಫೈಲುಗಳನ್ನು ಗುಡಿಸಿ, ಫೆಬ್ರವರಿ ಮೊದಲ ವಾರದಲ್ಲಿ ಫ್ಲ್ಯಾಶನ್ನೇ ಫಾರ್ಮ್ಯಾಟ್ ಮಾಡಿದರು. ಕೋಟ್ಯಂತರ ಕಿಲೋಮೀಟರ್ ದೂರದಿಂದ ಫಾರ್ಮ್ಯಾಟ್! ಮನೆಯ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡೋಕೇ ನಮಗೆ ಎದೆ ಢವಢವ ಅನ್ನುತ್ತೆ.

90 ದಿನಕ್ಕೆಂದು ಹೋದ ಸ್ಪಿರಿಟ್ 2010ರ ಮಾರ್ಚ್‌ವರೆಗೆ ಮಾತಾಡಿತು. ಆಪರ್ಚುನಿಟಿ ಇನ್ನೂ ಗಟ್ಟಿ. ಆದರೆ 2014ರ ಕೊನೆಗೆ ಅದರ ಫ್ಲ್ಯಾಶ್‌ಗೂ ವಯಸ್ಸಾಗಿತ್ತು. ಹಾಗಾಗಿ ಅದನ್ನೂ ಫ್ಲ್ಯಾಶ್ ಇಲ್ಲದೆ ಓಡಿಸಬೇಕಾಯಿತು. ಹಗಲೆಲ್ಲ ಕೂಡಿಟ್ಟದ್ದು ರಾತ್ರಿ ನಿದ್ದೆಯಲ್ಲಿ ಅಳಿದುಹೋಗುತ್ತಿತ್ತು, ಅಷ್ಟರೊಳಗೆ ಅದನ್ನು ಭೂಮಿಗೆ ಕಳಿಸಿಬಿಡಬೇಕಿತ್ತು.